ಹಿಂದೆ ಯಾರೂ ಇರಲಿಲ್ಲ

ಬೇಸಿಗೆ ಕಾವೇರುವ ಹೊತ್ತಿಗೆ ದುಬೈಯ ಕಡಲಿನಲ್ಲಿ ಒಂದು ಹಾಯಿದೋಣಿ ಪಂದ್ಯ ನಡೆಯುತ್ತದೆ. ಇಲ್ಲಿ ಬಹುಕಾಲದಿಂದ ಇರುವ ಬಂಧುಗಳಿಗೆ ಅದರ ಹೆಸರು ಗೊತ್ತು: ಅಲ್ ಗಫಾಲ್. ಮರಳಿ ಮನೆಗೆ ಬರುವುದು ಎಂಬುದು ಆ ಮಾತಿನ ಅರ್ಥ. ಎಣ್ಣೆ ಸಿಗುವ ಮುಂಚೆ ಈ ತೀರದ ಜನ ಬೇಸಿಗೆಯ ತಿಂಗಳುಗಟ್ಟಲೆ ಕಡಲಿನಲ್ಲೇ ಇದ್ದು ಮುತ್ತಿನ ಚಿಪ್ಪು ಹೆಕ್ಕುತ್ತಿದ್ದರು. ಆ ಕೆಲಸ ಮುಗಿದು ದೋಣಿಗಳು ಊರಿನತ್ತ ಮುಖ ಮಾಡುವುದೇ ಗಫಾಲ್. ಅದರ ನೆನಪಿಗೆಂದು 1991ರಲ್ಲಿ ಈ ಪಂದ್ಯ ಶುರುವಾಯಿತು. 60 ಅಡಿ ಉದ್ದದ ಮರದ ದೋಣಿಗಳು ಸರ್ ಬು ನಾಯರ್ ದ್ವೀಪದಿಂದ ಹೊರಟು, ಎಂಜಿನ್ನಿನ ನೆರವಿಲ್ಲದೆ, ಬರೀ ಹಾಯಿಯನ್ನೂ ಗಾಳಿಯನ್ನೂ ನಂಬಿ 50ಕ್ಕೂ ಹೆಚ್ಚು ನಾಟಿಕಲ್ ಮೈಲಿ ದಾಟಿ ದುಬೈ ತೀರಕ್ಕೆ ಬರುತ್ತವೆ.

ಆ ಮುತ್ತಿನ ಕಾಲದ ಒಂದು ಸಂಗತಿ ನಮ್ಮಂಥವರಿಗೆ ಬೇಗ ಅರ್ಥವಾಗುತ್ತದೆ. ಮುಳುಗು ಹಾಕುವವನು ಕೆಲಸಕ್ಕೆ ಹೊರಡುವ ಮೊದಲೇ ನಾಖೂದನಿಂದ, ಎಂದರೆ ದೋಣಿಯ ಯಜಮಾನನಿಂದ, ಮನೆ ಖರ್ಚಿಗೆ ಮುಂಗಡ ಪಡೆದಿರುತ್ತಿದ್ದ. ಮರಳಿ ಬಂದಾಗ ಲೆಕ್ಕ. ಎಷ್ಟೋ ಜನರ ಸಾಲ ತೀರುತ್ತಲೇ ಇರಲಿಲ್ಲ, ಮುಂದಿನ ವರ್ಷದ ಪುಟಕ್ಕೆ ದಾಟುತ್ತಿತ್ತು. ದಡದ ಮೇಲೆ ಸ್ವಾಗತದ ಸಂಭ್ರಮ, ದೋಣಿಯೊಳಗೆ ಸಾಲದ ಪುಸ್ತಕ. ಸೂಟ್‌ಕೇಸು ತುಂಬ ಚಾಕೊಲೇಟು, ಬಾದಾಮಿ ಹೊತ್ತುಕೊಂಡು ಊರಿನ ಬಸ್‌ಸ್ಟ್ಯಾಂಡಿನಲ್ಲಿ ಇಳಿಯುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಒಂದು ವರ್ಷ ನಮ್ಮ ಕಟ್ಟಡದ ನಾಲ್ಕು ಕನ್ನಡ ಕುಟುಂಬಗಳು ಚಿತ್ರಾನ್ನ, ಮೊಸರನ್ನ ಕಟ್ಟಿಕೊಂಡು ಈ ಪಂದ್ಯದ ಕೊನೆಯ ಭಾಗ ನೋಡಲು ಕಡಲ ದಡಕ್ಕೆ ಹೋಗಿದ್ದೆವು. ದೂರದಲ್ಲಿ ಬಿಳಿ ಹಾಯಿಗಳು ಕೊಕ್ಕರೆ ಸಾಲಿನಂತೆ ಕಂಡವು. ಪಕ್ಕದ ಮನೆಯ ಎಂಟು ವರ್ಷದ ಹುಡುಗ ಕೇಳಿದ: "ಅಂಕಲ್, ಮುಂದೆ ಇರೋ ದೋಣಿಯವರಿಗೆ ಹಿಂದೆ ಯಾರು ಎಷ್ಟು ಹತ್ತಿರ ಇದಾರೆ ಅಂತ ಹೇಗೆ ಗೊತ್ತಾಗುತ್ತೆ?"

"ತಿರುಗಿ ನೋಡಿದ್ರೆ ಆಯ್ತಪ್ಪ" ಎಂದೆವು.

"ಕಾಣದಷ್ಟು ದೂರ ಇದ್ರೆ?"

ಅದಕ್ಕೆ ನಮ್ಮಲ್ಲಿ ಉತ್ತರವಿರಲಿಲ್ಲ. ಆಮೇಲೆ ಹುಡುಕಿ ಓದುತ್ತ ಹೋದಾಗ, ಉತ್ತರ ಐವತ್ತಕ್ಕೂ ಹೆಚ್ಚು ವರ್ಷದ ಹಿಂದಿನ ಇನ್ನೊಂದು ಹಾಯಿದೋಣಿ ಪಂದ್ಯದಲ್ಲಿ ಸಿಕ್ಕಿತು. ಅದು ನಮ್ಮ ಬಗ್ಗೆಯೇ ಬರೆದ ಹಾಗಿತ್ತು. ಅದಕ್ಕೇ ಈ ಲೇಖನ.

ನಾವು ಯಾರು ಎಂಬುದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಡಿ.ಫಾರ್ಮ ಓದಿ, ಇಪ್ಪತ್ತರ ಹರೆಯದಲ್ಲಿ ವಿಮಾನ ಹತ್ತಿ, ಈಗ ನಲವತ್ತು ದಾಟಿ, ಆಸ್ಪತ್ರೆಯೊಂದರ ಔಷಧ ಕೌಂಟರಿನ ಒಳಗೆ ನಿಂತಿರುವವರು ನಾವು. ದೋಣಿ ನಡೆಸಿದವರಲ್ಲ. ಹಾಸನದ ಕಡೆಯ ನಮಗೆ ಕಡಲಿಗಿಂತ ಕೆರೆಯೇ ಹೆಚ್ಚು ಪರಿಚಯ. ಆದರೆ ದೂರದ ಪಯಣದ ಕೊನೆಯ ಭಾಗದಲ್ಲಿ ಇರುವವರು ಎಂಬ ಮಟ್ಟಿಗೆ ಈ ಕತೆಯ ಬಗ್ಗೆ ಮಾತಾಡುವ ಹಕ್ಕು ನಮಗಿದೆ ಎಂದುಕೊಂಡಿದ್ದೇವೆ.

1968ರಲ್ಲಿ ಇಂಗ್ಲೆಂಡಿನ ಸಂಡೇ ಟೈಮ್ಸ್ ಪತ್ರಿಕೆ ಗೋಲ್ಡನ್ ಗ್ಲೋಬ್ ಎಂಬ ಪಂದ್ಯವನ್ನು ಸಾರಿತು. ಒಬ್ಬರೇ, ಎಲ್ಲೂ ನಿಲ್ಲದೆ, ಯಾರ ಸಹಾಯವನ್ನೂ ಪಡೆಯದೆ ಹಾಯಿದೋಣಿಯಲ್ಲಿ ಭೂಮಿಯನ್ನು ಸುತ್ತಿ ಬರಬೇಕು. ಅದುವರೆಗೆ ಯಾರೂ ಮಾಡದಿದ್ದ ಕೆಲಸ. ಮೊದಲು ಮರಳಿದವರಿಗೆ ಒಂದು ಟ್ರೋಫಿ. ಹೊರಟ ದಿನಗಳು ಬೇರೆ ಬೇರೆ ಆದ್ದರಿಂದ, ಅತಿ ಕಡಿಮೆ ದಿನಗಳಲ್ಲಿ ಸುತ್ತಿದವರಿಗೆ ಬೇರೆಯಾಗಿ 5,000 ಪೌಂಡ್. ಒಂಬತ್ತು ಜನ ಹೊರಟರು. ಒಬ್ಬೊಬ್ಬರಾಗಿ ಕಳಚಿಕೊಂಡು, 1969ರ ಆರಂಭದ ಹೊತ್ತಿಗೆ ಪಂದ್ಯದಲ್ಲಿ ನಾಲ್ವರು ಉಳಿದರು.

ಮೊದಲನೆಯವರು ರಾಬಿನ್ ನಾಕ್ಸ್ ಜಾನ್‌ಸ್ಟನ್. ಮುಂಬಯಿಗೂ ಈ ಗಲ್ಫ್ ಬಂದರುಗಳಿಗೂ ಹಡಗು ಓಡಿಸುತ್ತಿದ್ದ ಬ್ರಿಟಿಷ್ ಇಂಡಿಯಾ ಕಂಪೆನಿಯಲ್ಲಿ ಅಧಿಕಾರಿಯಾಗಿದ್ದವರು. ನಮ್ಮ ಹಿರಿಯ ತಲೆಮಾರಿನವರು ವಿಮಾನಕ್ಕೆ ದುಡ್ಡಿಲ್ಲದೆ ಡೆಕ್ಕಿನ ಮೇಲೆ ಚಾಪೆ ಹಾಸಿ ಬಂದದ್ದು ಆ ಕಂಪೆನಿಯ ಹಡಗುಗಳಲ್ಲೇ. ಅವರ ದೋಣಿ ಸುಹೈಲಿ ಬರೀ 32 ಅಡಿಯದು. ಮುಂಬಯಿಯಲ್ಲಿ ತೇಗದ ಮರದಲ್ಲಿ ಕಟ್ಟಿದ್ದು. ಹೆಸರು ಕೂಡ ಇಲ್ಲಿಯದೇ: ಈ ಕೊಲ್ಲಿಯಲ್ಲಿ ಬೀಸುವ ಒಂದು ಗಾಳಿಗೆ ಅರಬ್ ನಾವಿಕರು ಸುಹೈಲಿ ಎನ್ನುತ್ತಾರೆ. ದೋಣಿ ಗಟ್ಟಿ, ಆದರೆ ನಿಧಾನ. ವೇಗದ ಬಹುಮಾನ ಅದಕ್ಕೆ ಸಿಗುವುದು ಕಷ್ಟವೆಂದು ನೋಡಿದವರಿಗೆಲ್ಲ ಗೊತ್ತಿತ್ತು.

ಎರಡನೆಯವರು ಫ್ರೆಂಚ್ ನಾವಿಕ ಬರ್ನಾರ್ ಮ್ವಾತೆಸಿಯೆ. ದಕ್ಷಿಣ ಅಮೆರಿಕದ ತುದಿಯ ಕೇಪ್ ಹಾರ್ನ್ ದಾಟಿ, ಇನ್ನೇನು ಯೂರೋಪಿನತ್ತ ತಿರುಗಿದರೆ ಗೆಲ್ಲಲೂಬಹುದು ಎನ್ನುವಾಗ, ಪಂದ್ಯವೇ ಬೇಡವೆಂದು ಹಾಗೆಯೇ ಮುಂದೆ ಸಾಗಿ ತಾಹಿತಿ ದ್ವೀಪ ಸೇರಿದರು. ಅವರ ದಾರಿ ಅವರಿಗೆ. ನಮ್ಮ ಕತೆಗೆ ಬೇಕಾದವರು ಉಳಿದ ಇಬ್ಬರು.

ಮೂರನೆಯವರು ನೈಜೆಲ್ ಟೆಟ್ಲಿ, ಬ್ರಿಟಿಷ್ ನೌಕಾಪಡೆಯ ಅಧಿಕಾರಿ. ಮೂರು ಒಡಲಿನ ಪ್ಲೈವುಡ್ ದೋಣಿ, ಹೆಸರು ವಿಕ್ಟ್ರೆಸ್. ದಕ್ಷಿಣದ ಸಾಗರಗಳ ಹೊಡೆತಕ್ಕೆ ಸಿಕ್ಕಿ ದೋಣಿ ಬಿರುಕು ಬಿಟ್ಟಿತ್ತು. ಟೆಟ್ಲಿ ಅಲ್ಲಲ್ಲಿ ರಿಪೇರಿ ಮಾಡುತ್ತ, ಬಾಣಂತಿಯನ್ನು ನಡೆಸಿಕೊಂಡು ಬರುವಂತೆ ಅದನ್ನು ನಡೆಸಿಕೊಂಡು ಬಂದಿದ್ದರು. 1969ರ ಏಪ್ರಿಲಿನಲ್ಲಿ, ತಾವು ಹೋಗುವಾಗ ಹಾದಿದ್ದ ದಾರಿಯನ್ನೇ ಅಟ್ಲಾಂಟಿಕ್‌ನಲ್ಲಿ ಮತ್ತೆ ಮುಟ್ಟಿದರು. ಎಂದರೆ ಭೂಮಿಯನ್ನು ಒಂದು ಸುತ್ತು ಸುತ್ತಿದಂತಾಯಿತು. ಇನ್ನು ಮನೆಗೆ ಹೋಗುವುದೊಂದೇ ಬಾಕಿ.

ಅಷ್ಟರಲ್ಲಿ ಸುದ್ದಿ ಬಂತು: ನಾಲ್ಕನೆಯ ಸ್ಪರ್ಧಿ ಡೊನಾಲ್ಡ್ ಕ್ರೋಹರ್ಸ್ಟ್ ಕೂಡ ಕೇಪ್ ಹಾರ್ನ್ ದಾಟಿ ಅಟ್ಲಾಂಟಿಕ್‌ಗೆ ಬಂದಿದ್ದಾರೆ, ವೇಗವಾಗಿ ಬರುತ್ತಿದ್ದಾರೆ. ಕ್ರೋಹರ್ಸ್ಟ್ ಎಲ್ಲರಿಗಿಂತ ತಡವಾಗಿ, 1968ರ ಅಕ್ಟೋಬರ್ 31ರಂದು, ಹೊರಡಲು ಕೊಟ್ಟಿದ್ದ ಕೊನೆಯ ದಿನ ಹೊರಟವರು. ಆದ್ದರಿಂದ ಟೆಟ್ಲಿಗಿಂತ ನಂತರ ದಡ ಮುಟ್ಟಿದರೂ ವೇಗದ ಬಹುಮಾನ ಅವರಿಗೇ ಹೋಗಬಹುದು. ಟೆಟ್ಲಿ ಹಾಯಿ ಇಳಿಸದೆ ಬಿರುಕು ದೋಣಿಯನ್ನು ಓಡಿಸತೊಡಗಿದರು. ಮೇ 20ರ ರಾತ್ರಿ ಅಝೋರ್ಸ್ ದ್ವೀಪಗಳ ಹತ್ತಿರ ಬಿರುಗಾಳಿಗೆ ದೋಣಿ ಒಡೆಯಿತು. ಅವರು ಜೀವರಕ್ಷಕ ತೆಪ್ಪಕ್ಕೆ ಇಳಿದರು. ಜೀವ ಉಳಿಯಿತು, ದೋಣಿ ಉಳಿಯಲಿಲ್ಲ. ಮನೆ ಇನ್ನು ಸುಮಾರು 1,100 ನಾಟಿಕಲ್ ಮೈಲಿ ಇತ್ತು. ಭೂಮಿಯನ್ನೇ ಸುತ್ತಿ ಬಂದವರಿಗೆ ಅದು ಮನೆಯ ಗೇಟಿನ ಮುಂದೆ ಬಿದ್ದಂತೆ.

ಆದರೆ ಅವರ ಹಿಂದೆ ಯಾರೂ ಇರಲಿಲ್ಲ.

ಕ್ರೋಹರ್ಸ್ಟ್ ಭೂಮಿಯನ್ನು ಸುತ್ತಿಯೇ ಇರಲಿಲ್ಲ. ಅಟ್ಲಾಂಟಿಕ್ ಬಿಟ್ಟು ಹೊರಗೆ ಹೋಗಿಯೇ ಇರಲಿಲ್ಲ. ದೋಣಿ ದಕ್ಷಿಣದ ಸಾಗರ ತಡೆಯುವುದಿಲ್ಲ ಎಂದು ಹೊರಟ ಕೆಲವೇ ವಾರಗಳಲ್ಲಿ ಅವರಿಗೆ ಗೊತ್ತಾಯಿತು. ಹಿಂದಿರುಗಿದರೆ ಸಾಲಗಾರ ಎದುರಿಗಿದ್ದ. ದೋಣಿಗೆ ದುಡ್ಡು ಹಾಕಿದವರ ಜೊತೆ ಮಾಡಿಕೊಂಡ ಕರಾರಿನಂತೆ, ಪಂದ್ಯ ಬಿಟ್ಟರೆ ಮನೆ ಮತ್ತು ವ್ಯಾಪಾರ ಎರಡೂ ಕೈಬಿಡುವ ಸ್ಥಿತಿ. ಮನೆಯಲ್ಲಿ ಹೆಂಡತಿ, ನಾಲ್ಕು ಮಕ್ಕಳು. ಮುಂದಕ್ಕೆ ಹೋದರೆ ಸಾವು, ಹಿಂದಕ್ಕೆ ಬಂದರೆ ಮರ್ಯಾದೆ. ಅವರು ನಡುವಿನ ದಾರಿ ಹಿಡಿದರು: ದಕ್ಷಿಣ ಅಟ್ಲಾಂಟಿಕ್‌ನಲ್ಲೇ ಸುಳಿದಾಡುತ್ತ, ಎಲ್ಲೆಲ್ಲೋ ಇದ್ದೇನೆಂದು ರೇಡಿಯೊದಲ್ಲಿ ಸುಳ್ಳು ಸುದ್ದಿ ಕೊಡುತ್ತ, ಸುಳ್ಳು ಲೆಕ್ಕ ಬರೆಯುತ್ತ ಹೋದರು. ಕೊನೆಯವರಾಗಿ ಸದ್ದಿಲ್ಲದೆ ಬಂದರೆ ಯಾರೂ ತಮ್ಮ ಪುಸ್ತಕ ಬಿಡಿಸಿ ನೋಡುವುದಿಲ್ಲ ಎಂಬ ಲೆಕ್ಕ ಇದ್ದಿರಬೇಕು. ಟೆಟ್ಲಿ ಮುಳುಗಿದ ಮೇಲೆ ಆ ಲೆಕ್ಕವೂ ತಪ್ಪಿತು. ಈಗ ವೇಗದ ಬಹುಮಾನ ತಮ್ಮ ಕೊರಳಿಗೇ ಬೀಳುತ್ತದೆ, ಎಲ್ಲರೂ ಪುಸ್ತಕ ನೋಡುತ್ತಾರೆ. ಜುಲೈ 10ರಂದು ಅವರ ದೋಣಿ ಅಟ್ಲಾಂಟಿಕ್‌ನಲ್ಲಿ ತೇಲುತ್ತಿದ್ದುದು ಒಂದು ಹಡಗಿನವರ ಕಣ್ಣಿಗೆ ಬಿತ್ತು. ಒಳಗೆ ಯಾರೂ ಇರಲಿಲ್ಲ. ಪುಸ್ತಕಗಳು ಮಾತ್ರ ಇದ್ದವು.

ನವಿಲನ್ನು ನೋಡಿ ಕೆಂಬೂತ ಪುಕ್ಕ ಕೆದರಿತು ಎಂದು ನಮ್ಮಲ್ಲಿ ಗಾದೆ. ಇಲ್ಲಿ ನವಿಲೂ ಇರಲಿಲ್ಲ. ಇದ್ದದ್ದು ಎರಡು ಕೆಂಬೂತ. ಒಂದು ಗರಿ ಅಂಟಿಸಿಕೊಂಡಿತು, ಇನ್ನೊಂದು ಅದನ್ನು ನಂಬಿತು.

ಈಗ ನಮ್ಮ ಮನೆಯ ಕತೆ. ಕೋವಿಡ್ ಬಂದ ವರ್ಷ ನಮ್ಮ ಎರಡು ಸಂಬಳಗಳಲ್ಲಿ ಒಂದು ನಿಂತಿತು. ಊರಿನಲ್ಲಿ ಮನೆ ಅರ್ಧ ಕಟ್ಟಿಯಾಗಿತ್ತು. ಮಾರ್ಚಿನಿಂದ ಜೂನಿನವರೆಗೆ ರಾತ್ರಿ ಪಾಳಿ ಮುಗಿಸಿ ಬಂದು ಅಡುಗೆಮನೆಯ ನೆಲದ ಮೇಲೆ ಕೂತು ಲೆಕ್ಕ ಹಾಕಿದ್ದೇವೆ. ಕೆಲಸ ನಿಲ್ಲಿಸೋಣ, ಚಾವಣಿ ಹಾಗೇ ಇರಲಿ ಎಂದು ಒಬ್ಬರೆಂದರೆ, ಜನ ಏನೆಂದಾರು ಎಂದು ಇನ್ನೊಬ್ಬರು. ಕೊನೆಗೆ ಇಲ್ಲಿಯ ಬ್ಯಾಂಕಿನಲ್ಲಿ ಪರ್ಸನಲ್ ಲೋನ್ ತೆಗೆದು ಮನೆ ಮುಗಿಸಿದೆವು. ಮರುವರ್ಷ ಗೃಹಪ್ರವೇಶ. ರಜೆ ಸಿಗದೆ ಒಂದೇ ವಾರಕ್ಕೆ ಹೋಗಿ, ತಳಿರು ತೋರಣ, ಗ್ರಾನೈಟ್ ನೆಲ, ಮೆಟ್ಟಿಲಿನ ಸ್ಟೀಲ್ ಕಂಬಿ, ಎಲ್ಲದರ ಫೋಟೊ ತೆಗೆದು ಬಂಧುಗಳ ವಾಟ್ಸಾಪ್ ಗುಂಪಿಗೆ ಹಾಕಿದೆವು. ಒಂದು ಸಂಬಳ ನಿಂತದ್ದನ್ನು ಹಾಕಲಿಲ್ಲ. ಸಾಲದ ಕಂತನ್ನು ಹಾಕಲಿಲ್ಲ. ಕೇಳಿದವರಿಗೆ "ದೇವರ ದಯೆ, ಎಲ್ಲಾ ಚೆನ್ನಾಗಿದೆ" ಎಂದೆವು. ರೇಡಿಯೊದಲ್ಲಿ ಸುಳ್ಳು ಸ್ಥಾನ ಹೇಳಿದ ಹಾಗೆಯೇ ಇದು ಎಂದು ಆಗ ಹೊಳೆಯಲಿಲ್ಲ.

ಊರಿನಲ್ಲಿ ತಮ್ಮನಿದ್ದಾನೆ. ಎರಡು ಎಕರೆಯಲ್ಲಿ ಶುಂಠಿ ಹಾಕುವವನು. ಅಣ್ಣನ ಮನೆ ಎದ್ದು ನಿಂತ ಮೇಲೆ ತನ್ನ ಹಳೆಯ ಹೆಂಚಿನ ಮನೆ ಅವನಿಗೆ ಸಣ್ಣದಾಗಿ ಕಂಡಿತು. ಹೆಂಡತಿಯ ಒಡವೆಯನ್ನು ಅಡವಿಟ್ಟು, ಕೈಸಾಲ ಮಾಡಿ ಆರ್‌ಸಿಸಿ ಹಾಕಿಸಿದ. ಶುಂಠಿಯ ರೇಟು ಬಿತ್ತು. ಮುಂದಿನ ಸಲ ನಾವು ಹೋದಾಗ ರಾತ್ರಿ ಊಟವಾದ ಮೇಲೆ ಜಗಲಿಯಲ್ಲಿ ಕೂತು ಎರಡು ಲಕ್ಷ ಕೇಳಿದ. ನಮ್ಮ ಹತ್ತಿರ ಇರಲಿಲ್ಲ. ಇರಲಿಲ್ಲ ಎಂದರೆ ಅವನು ನಂಬಲಿಲ್ಲ. ಆಗ ಮೊದಲ ಸಲ ನಮ್ಮ ಸಾಲದ ಲೆಕ್ಕವನ್ನು ಬಾಯಿಬಿಟ್ಟು ಹೇಳಿದೆವು. ಅವನು ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ ಹೇಳಿದ್ದು ಇಷ್ಟೇ: "ನಿಮ್ಮ ಫೋಟೊ ನೋಡಿಯೇ ಧೈರ್ಯ ಮಾಡಿದ್ದು ಕಣಣ್ಣ. ಆಗಲೇ ಒಂದು ಮಾತು ಹೇಳಿದ್ರೆ ಸಾಕಿತ್ತು."

ಕ್ರೋಹರ್ಸ್ಟ್ ಕತೆಯನ್ನು ಓದುವಾಗ ಎಲ್ಲರೂ ಅವರನ್ನು ಮೋಸಗಾರನೆಂದು ಬದಿಗಿಡುತ್ತಾರೆ. ನಮಗೆ ಅದು ಸಾಧ್ಯವಾಗಲಿಲ್ಲ. ಯಾರನ್ನೂ ಮುಳುಗಿಸಬೇಕೆಂದು ಅವರು ಹೊರಡಲಿಲ್ಲ, ನಾವೂ ಹೊರಡಲಿಲ್ಲ. ನಮ್ಮ ಮಾನ ನಾವು ಉಳಿಸಿಕೊಳ್ಳಲು ಹೇಳಿದ ಸುಳ್ಳು ಇನ್ಯಾರದೋ ಹಾಯಿಗೆ ಗಾಳಿಯಾಯಿತು. ಈ ಲೇಖನದಲ್ಲಿ ನಮಗೆ ಹೇಳಬೇಕಾಗಿರುವುದು ಇದೇ. ದೂರದ ಪಯಣದ ಕೊನೆಯ ಭಾಗದಲ್ಲಿ ನಮ್ಮನ್ನು ಮುಳುಗಿಸುವುದು ಬಹುಮಟ್ಟಿಗೆ ಕಡಲಲ್ಲ. ಇಲ್ಲದ ಎದುರಾಳಿ. ಆ ಎದುರಾಳಿಯನ್ನು ಹುಟ್ಟಿಸುವವರು ನಮ್ಮಲ್ಲೇ ಯಾರೋ ಒಬ್ಬರು. ಇವತ್ತು ಅವರು, ನಾಳೆ ನಾವು.

ಇದು ಬರೀ ದುಡ್ಡಿನ ಮಾತಲ್ಲ. ಔಷಧ ಕೌಂಟರಿನಿಂದ ನೋಡಿದರೆ ಇನ್ನೂ ಚೆನ್ನಾಗಿ ಕಾಣುತ್ತದೆ. "ಇನ್ನೆರಡು ವರ್ಷ, ಆಮೇಲೆ ಊರು" ಎನ್ನುವವರನ್ನು ನಾವು ದೂರದಿಂದಲೇ ಗುರುತಿಸಬಲ್ಲೆವು. ಹಗಲಿನ ಕೆಲಸದ ಮೇಲೆ ಓವರ್‌ಟೈಮ್ ಹಿಡಿದಿರುತ್ತಾರೆ. ಚೀಟಿಯಲ್ಲಿ ಮೂರು ಔಷಧ ಇದ್ದರೆ ಒಂದನ್ನು ಮಾತ್ರ ಕೇಳುತ್ತಾರೆ, ಅದು ನೋವಿನ ಮಾತ್ರೆ. "ಬಿಪಿ ಮಾತ್ರೆ ಸದ್ಯಕ್ಕೆ ಬೇಡ ಸಾರ್, ಊರಿಗೆ ಹೋದ್ಮೇಲೆ ನೋಡ್ಕೋತೀನಿ. ಏನೂ ತೊಂದ್ರೆ ಇಲ್ವಲ್ಲ." ತೊಂದರೆ ಇಲ್ಲದಿರುವುದೇ ಆ ಕಾಯಿಲೆಯ ತೊಂದರೆ. ರಕ್ತದೊತ್ತಡ ಏರಿದಾಗ ಬಹುತೇಕರಿಗೆ ಏನೂ ಗೊತ್ತಾಗುವುದಿಲ್ಲ. ಅದರ ಮೇಲೆ ದಿನಾ ನುಂಗುವ ಡೈಕ್ಲೊಫೆನಾಕ್, ಐಬುಪ್ರೊಫೇನ್‌ನಂಥ ನೋವಿನ ಮಾತ್ರೆಗಳು ಒತ್ತಡವನ್ನು ಇನ್ನಷ್ಟು ಏರಿಸಬಲ್ಲವು, ಮೂತ್ರಪಿಂಡಕ್ಕೂ ಪೆಟ್ಟು ಕೊಡಬಲ್ಲವು. ಬಿರುಕು ದೋಣಿಗೆ ಹಾಯಿ ಬಿಚ್ಚುವುದು ಎಂದರೆ ಇದೇ.

ಹಾಗೆ ಹೇಳಿ ಹೋದವರೊಬ್ಬರು ಕೆಲವು ತಿಂಗಳ ನಂತರ ಅದೇ ಆಸ್ಪತ್ರೆಗೆ ಗಾಲಿ ಮಂಚದ ಮೇಲೆ ಬಂದರು. ಬಲಗೈ, ಮಾತು ಎರಡೂ ಹೋಗಿದ್ದವು. ಯಾವ ಊರು, ಯಾವ ಕೆಲಸ ಎಂದು ಇಲ್ಲಿ ಹೇಳುವುದು ಸರಿಯಲ್ಲ. ನಮಗೆ ನೆನಪಿರುವುದು, ಅದಕ್ಕೂ ಮುಂಚೆ ಕೌಂಟರಿನಲ್ಲಿ ನಿಂತು ಅವರು ಹೇಳಿದ್ದ ಮಾತು: ತಮ್ಮ ಜೊತೆ ಬಂದವರೆಲ್ಲ ಸೈಟು ಮಾಡಿಕೊಂಡರು, ತಾವೊಬ್ಬರೇ ಹಿಂದೆ ಬಿದ್ದದ್ದು. ಆ "ಎಲ್ಲರೂ" ಯಾರು, ಅವರ ಸೈಟುಗಳು ಯಾವ ಸಾಲದ ಮೇಲೆ ನಿಂತಿವೆ ಎಂದು ನಾವೂ ಕೇಳಲಿಲ್ಲ, ಅವರೂ ಯಾರನ್ನೂ ಕೇಳಿರಲಿಕ್ಕಿಲ್ಲ. ಅವತ್ತು ಬಿಪಿ ಮಾತ್ರೆಯ ಬಗ್ಗೆ ಇನ್ನೂ ಎರಡು ನಿಮಿಷ ಮಾತಾಡಬಹುದಿತ್ತು. ಹಿಂದೆ ಸಾಲು ಉದ್ದವಿತ್ತು ಎಂಬುದು ನಿಜ. ಆದರೂ ಮಾತಾಡಬಹುದಿತ್ತು.

ನಮ್ಮ ಗೆಳೆಯರು ಇದಕ್ಕೆ ಎರಡು ಆಕ್ಷೇಪ ಎತ್ತುತ್ತಾರೆ. ಮೊದಲನೆಯದು: ಸ್ಪರ್ಧೆ ಇಲ್ಲದಿದ್ದರೆ ನಾವು ಇಲ್ಲಿಗೆ ಬರುತ್ತಿದ್ದೆವೇ? ಪಕ್ಕದ ಮನೆಯವನು ಗಲ್ಫಿಗೆ ಹೋದದ್ದನ್ನು ನೋಡಿಯೇ ತಾನೆ ನಮ್ಮ ಅಪ್ಪ ಪಾಸ್‌ಪೋರ್ಟ್ ಮಾಡಿಸಿದ್ದು? ಮಾತು ನಿಜ. ಆದರೆ ನಾವು ಸ್ಪರ್ಧೆ ಬೇಡ ಎನ್ನುತ್ತಿಲ್ಲ. ಕಣ್ಣಿಗೆ ಕಾಣುವ, ನಿಜವಾದ ಸ್ಪರ್ಧೆ ಹೇಗಿರುತ್ತದೆ ಎಂಬುದಕ್ಕೂ ಉದಾಹರಣೆ ಇದೆ.

ಅದೇ ಗೋಲ್ಡನ್ ಗ್ಲೋಬ್ ಪಂದ್ಯವನ್ನು, ಮೊದಲ ಪಂದ್ಯದ ಐವತ್ತನೆಯ ವರ್ಷವಾದ 2018ರಲ್ಲಿ, ಹಳೆಯ ರೀತಿಯಲ್ಲೇ ಮತ್ತೆ ಶುರುಮಾಡಿದರು. ಹಳೆಯ ಮಾದರಿಯ ದೋಣಿ, ಜಿಪಿಎಸ್ ಇಲ್ಲ, ಸೂರ್ಯ ನಕ್ಷತ್ರ ನೋಡಿ ದಾರಿ ಹುಡುಕಬೇಕು. ನಮ್ಮ ನೌಕಾಪಡೆಯ ಅಭಿಲಾಷ್ ಟಾಮಿ ಆ ಪಂದ್ಯದಲ್ಲಿದ್ದರು. ಹಿಂದೂ ಮಹಾಸಾಗರದ ಬಿರುಗಾಳಿಯಲ್ಲಿ ಅವರ ದೋಣಿ ಮಗುಚಿ, ಕಂಬ ಮುರಿದು, ಬೆನ್ನುಮೂಳೆಗೆ ಪೆಟ್ಟಾಯಿತು. ಏಳಲಾರದೆ ಮಲಗಿದ್ದವರನ್ನು ಒಂದು ಫ್ರೆಂಚ್ ಹಡಗು ಬಂದು ಎತ್ತಿಕೊಂಡಿತು. ಶಸ್ತ್ರಚಿಕಿತ್ಸೆ, ಮತ್ತೆ ನಡೆಯಲು ಕಲಿಯುವುದು, ಎಲ್ಲ ಆದ ಮೇಲೆ 2022ರ ಸೆಪ್ಟೆಂಬರಿನಲ್ಲಿ ಫ್ರಾನ್ಸಿನ ಲೆ ಸಾಬ್ಲ್ ದೊಲೊನ್ ಬಂದರಿನಿಂದ ಮತ್ತೆ ಹೊರಟರು. ಈ ಸಲದ ದೋಣಿಯ ಹೆಸರು ಬಯಾನತ್. ಅದು ಆಗ ಅಬುಧಾಬಿಯ ಕಂಪೆನಿಯೊಂದರ ಹೆಸರಾಗಿತ್ತು, ನಮ್ಮ ಈ ನಾಡಿನದೇ ಪ್ರಾಯೋಜಕತ್ವ. 16 ಜನ ಹೊರಟ ಆ ಪಂದ್ಯದಲ್ಲಿ ಎಲ್ಲೂ ನಿಲ್ಲದೆ ಮುಗಿಸಿದವರು ಮೂವರೇ. ಅಭಿಲಾಷ್ ಎರಡನೆಯವರಾಗಿ 2023ರ ಏಪ್ರಿಲ್ 29ರಂದು ದಡ ಮುಟ್ಟಿದರು. ದಾರಿಯಲ್ಲಿ ದೋಣಿಯನ್ನು ತಾನಾಗಿ ನಡೆಸುವ ಸಲಕರಣೆ ಕೆಟ್ಟಾಗ, ಶೌಚಾಲಯದ ಬಾಗಿಲನ್ನೂ ಬಿಡದೆ ಕತ್ತರಿಸಿ ರಿಪೇರಿಗೆ ಬಳಸಿದ್ದರು. ಮುಗಿಸುವುದೆಂದರೆ ಹೆಚ್ಚಿನ ಪಾಲು ರಿಪೇರಿ.

ಅವರಿಗಿಂತ ಎರಡು ದಿನ ಮುಂಚೆ ಗೆದ್ದು ಬಂದವರು ದಕ್ಷಿಣ ಆಫ್ರಿಕದ ಕಿರ್ಸ್ಟನ್ ನಾಯ್‌ಶೇಫರ್ ಎಂಬ ಮಹಿಳೆ. ಪಂದ್ಯದ ನಡುವೆ ಫಿನ್ಲೆಂಡಿನ ಸ್ಪರ್ಧಿ ಟಾಪಿಯೊ ಲೆಹ್ಟಿನೆನ್ ಅವರ ದೋಣಿ ಮುಳುಗಿದಾಗ, ಕಿರ್ಸ್ಟನ್ ತಮ್ಮ ದಾರಿ ಬಿಟ್ಟು ರಾತ್ರಿಯೆಲ್ಲ ಸಾಗಿ, ಬೆಳಿಗ್ಗೆ ಅವರನ್ನು ತೆಪ್ಪದಿಂದ ಎತ್ತಿಕೊಂಡು, ಹತ್ತಿರ ಬಂದ ಹಡಗಿಗೆ ದಾಟಿಸಿ ಮುಂದೆ ಹೋದರು. ಆ ಸಮಯವನ್ನು ಸಂಘಟಕರು ಅವರ ಲೆಕ್ಕದಿಂದ ಕಳೆದರು. ಅವರಿಬ್ಬರ ನಡುವೆ ಸ್ಪರ್ಧೆ ಇರಲಿಲ್ಲವೇ? ಅಟ್ಲಾಂಟಿಕ್ ಉದ್ದಕ್ಕೂ ಇತ್ತು. ಆದರೆ ಈ ಪಂದ್ಯದಲ್ಲಿ ಪ್ರತಿ ದೋಣಿಯ ನಿಜವಾದ ಸ್ಥಾನ ಉಪಗ್ರಹದ ಮೂಲಕ ದಡದವರಿಗೆ ಹಗಲೂ ರಾತ್ರಿ ಕಾಣುತ್ತಿತ್ತು. ಯಾರೂ ಸುಳ್ಳು ಹೇಳುವಂತಿರಲಿಲ್ಲ. ಯಾರಾದರೂ ಮುಳುಗಿದರೆ ಎಲ್ಲಿ ಎಂದು ಗೊತ್ತಾಗುತ್ತಿತ್ತು, ಹತ್ತಿರದವರು ಹೋಗುತ್ತಿದ್ದರು. ನಿಜವಾದ ಸ್ಥಾನ ಹೇಳುವುದರ ಲಾಭ ಇದೇ: ಬೇರೆಯವರು ಸುಮ್ಮನೆ ಓಡುವುದಿಲ್ಲ, ನಾವು ಮುಳುಗಿದಾಗ ಹುಡುಕಿಕೊಂಡು ಬರಲು ಸಾಧ್ಯವಾಗುತ್ತದೆ.

ಎರಡನೆಯ ಆಕ್ಷೇಪ ಇನ್ನೂ ಗಟ್ಟಿಯಾದದ್ದು. ಊರಿನಲ್ಲಿ ವಯಸ್ಸಾದ ಅಪ್ಪ ಅಮ್ಮ. ಕೆಲಸ ಹೋಯಿತೆಂದರೆ, ಸಾಲವಿದೆಯೆಂದರೆ ಅವರಿಗೆ ನಿದ್ದೆ ಬರುವುದಿಲ್ಲ. ಕಷ್ಟವನ್ನು ಇಲ್ಲೇ ನುಂಗಿ ಸುಖವನ್ನು ಮಾತ್ರ ಊರಿಗೆ ಕಳಿಸುವುದು ಮಕ್ಕಳ ಧರ್ಮವಲ್ಲವೇ? ಇಪ್ಪತ್ತು ವರ್ಷ ನಾವೂ ಹಾಗೆಯೇ ನಂಬಿದ್ದೆವು. ಅಮ್ಮನಿಗೆ ಎಲ್ಲವನ್ನೂ ಹೇಳಬೇಕೆಂದು ಈಗಲೂ ನಾವು ಹೇಳುವುದಿಲ್ಲ. ಆದರೆ ಹೇಳದಿರುವುದು ಬೇರೆ, ಇಲ್ಲದ್ದನ್ನು ತೋರಿಸುವುದು ಬೇರೆ. ನಾಕ್ಸ್ ಜಾನ್‌ಸ್ಟನ್ ಅವರ ರೇಡಿಯೊ ಅರ್ಧ ದಾರಿಯಲ್ಲಿ ಕೆಟ್ಟು, ನ್ಯೂಜಿಲೆಂಡ್ ದಾಟಿದ ಮೇಲೆ ನಾಲ್ಕು ತಿಂಗಳಿಗೂ ಹೆಚ್ಚು ಕಾಲ ಅವರ ಸುದ್ದಿಯೇ ಇರಲಿಲ್ಲ. ಆ ಮೌನದಿಂದ ಮನೆಯವರಿಗೆ ಆತಂಕವಾಯಿತು, ಆದರೆ ಯಾರ ದೋಣಿಯೂ ಒಡೆಯಲಿಲ್ಲ. ಒಡೆದದ್ದು ಸುಳ್ಳು ಸುದ್ದಿಯಿಂದ. ಇನ್ನೊಂದು ಮಾತು: ಅಪ್ಪ ಅಮ್ಮನಿಗೆ ಹೇಳಲಾಗದ್ದನ್ನು ಒಡಹುಟ್ಟಿದವರಿಗೆ ಹೇಳಬಹುದು. ನಮ್ಮ ತಮ್ಮನಿಗೆ ಹೇಳಬಹುದಿತ್ತು.

ಹಾಗಾದರೆ ಏನು ಮಾಡೋಣ? ನಮ್ಮ ಸಂಘದ ಮುಂದೆ ಒಂದು ಸಣ್ಣ ಸಲಹೆ ಇಡುತ್ತೇವೆ. ರಾಜ್ಯೋತ್ಸವ, ಯುಗಾದಿ, ದಸರಾ ಎಲ್ಲವನ್ನೂ ನಾವು ಚೆನ್ನಾಗಿ ಮಾಡುತ್ತೇವೆ. ವೇದಿಕೆಯ ಮೇಲೆ ಗೆದ್ದವರನ್ನು ಕರೆದು ಶಾಲು ಹೊದಿಸುತ್ತೇವೆ, ಅದೂ ಇರಲಿ. ಅದರ ಜೊತೆಗೆ ವರ್ಷಕ್ಕೊಂದು ಸಂಜೆ ವೇದಿಕೆ ಇಲ್ಲದೆ, ಮೈಕ್ ಇಲ್ಲದೆ, ಫೋಟೊ ಇಲ್ಲದೆ ಸೇರೋಣ. ಊರಿಗೆ ಮರಳುವ ಯೋಚನೆಯಲ್ಲಿರುವವರು, ಮರಳಿ ಹೋಗಿ ಮತ್ತೆ ಬಂದವರು, ಕೆಲಸ ಕಳೆದುಕೊಂಡವರು ತಮ್ಮ ನಿಜವಾದ ಲೆಕ್ಕ ಹೇಳಲಿ. ಬ್ಯಾಂಕಿನಲ್ಲಿರುವ ನಮ್ಮವರು ಸಾಲವನ್ನು ಹೇಗೆ ಇಳಿಸುವುದೆಂದು ಹೇಳಲಿ. ಶಾಲೆಯಲ್ಲಿರುವವರು ಇಲ್ಲಿಯ ಹತ್ತನೆಯ ತರಗತಿಯ ಮಕ್ಕಳನ್ನು ಊರಿನ ಪಿಯುಸಿಗೆ ಸೇರಿಸುವ ಕಷ್ಟ ಸುಖ ಹೇಳಲಿ.

ನಮ್ಮ ಪಾಲಿನ ಕೆಲಸವನ್ನು ನಾವು ಈಗಲೇ ಒಪ್ಪಿಕೊಳ್ಳುತ್ತೇವೆ. ಒಂದು ಮೇಜು ಹಾಕಿಕೊಂಡು ಕೂತು, ಬಂದವರ ಬಿಪಿ ನೋಡುತ್ತೇವೆ. ಮರಳಿ ಹೋಗುವವರ ಔಷಧಗಳ ಪಟ್ಟಿ ಬರೆದುಕೊಡುತ್ತೇವೆ. ಇಲ್ಲಿಯ ಕಂಪೆನಿಯ ಹೆಸರು ಹೇಳಿದರೆ ಊರಿನ ಮೆಡಿಕಲ್ ಶಾಪಿನವರಿಗೆ ಎಷ್ಟೋ ಸಲ ಗೊತ್ತಾಗುವುದಿಲ್ಲ, ಆದ್ದರಿಂದ ಔಷಧದ ಮೂಲ ಹೆಸರು ಮತ್ತು ಎಷ್ಟು ಮಿಲಿಗ್ರಾಂ ಎಂಬುದು ಪಟ್ಟಿಯಲ್ಲಿರಬೇಕು. ಊರಿಗೆ ಹೋಗುವಾಗ ದಿನದ ಮಾತ್ರೆಗಳು ಕೈಚೀಲದಲ್ಲಿರಲಿ, ಡಾಕ್ಟರ ಚೀಟಿಯ ಜೊತೆಗೆ. ಊರಿನಿಂದ ಬರುವಾಗ ಯಾರೋ ಕೊಟ್ಟರೆಂದು ಟ್ರಾಮಡಾಲ್, ಕೊಡೀನ್ ಇರುವ ಮಾತ್ರೆಗಳನ್ನು ಅನುಮತಿ ಇಲ್ಲದೆ ಖಂಡಿತ ತರಬೇಡಿ. ಇವು ಸಣ್ಣ ಮಾತುಗಳು. ದೂರದ ಪಯಣ ದಡ ಮುಟ್ಟುವುದು ಇಂಥ ಸಣ್ಣ ಮಾತುಗಳಿಂದಲೇ.

ಕೊನೆಗೆ ಸುಹೈಲಿಯ ಸುದ್ದಿ ಹೇಳಿ ಮುಗಿಸುತ್ತೇವೆ. ಟ್ರೋಫಿ ಅದಕ್ಕೇ ಬಂತು. 1968ರ ಜೂನ್ 14ರಂದು ಇಂಗ್ಲೆಂಡಿನ ಫಾಲ್ಮತ್ ಬಂದರು ಬಿಟ್ಟ ಆ ಮುಂಬಯಿಯ ದೋಣಿ, 1969ರ ಏಪ್ರಿಲ್ 22ರಂದು ಅದೇ ಬಂದರಿಗೆ ಮರಳಿತು. ಬಣ್ಣ ಹೋಗಿ, ತುಕ್ಕು ಹಿಡಿದು, ಕುಡಿಯುವ ನೀರು ಕೆಟ್ಟು, ತಾನಾಗಿ ನಡೆಸುವ ಸಲಕರಣೆ ಮುರಿದು. ಒಂಬತ್ತು ಜನರಲ್ಲಿ ಪಂದ್ಯ ಮುಗಿಸಿದವರು ಅವರೊಬ್ಬರೇ ಆದ್ದರಿಂದ ವೇಗದ 5,000 ಪೌಂಡ್ ಕೂಡ ಆ ನಿಧಾನದ ದೋಣಿಗೇ ಬಂತು. ನಾಕ್ಸ್ ಜಾನ್‌ಸ್ಟನ್ ಆ ಹಣವನ್ನು ಕ್ರೋಹರ್ಸ್ಟ್ ಅವರ ಹೆಂಡತಿ ಮಕ್ಕಳಿಗೆ ಕೊಟ್ಟರು. ಸುಳ್ಳು ಲೆಕ್ಕ ಬಯಲಾದ ಮೇಲೂ ಕೊಟ್ಟದ್ದನ್ನು ವಾಪಸು ಕೇಳಲಿಲ್ಲ. ಒಬ್ಬಂಟಿಯಾಗಿ ಹತ್ತು ತಿಂಗಳು ಕಡಲಿನಲ್ಲಿದ್ದವರಿಗೆ, ಸಿಕ್ಕಿಬಿದ್ದ ಮನುಷ್ಯನ ಕಷ್ಟ ನಮಗಿಂತ ಚೆನ್ನಾಗಿ ಗೊತ್ತಿತ್ತೇನೋ.

ನಾವು ಈ ವರ್ಷ ತಮ್ಮನ ಸಾಲಕ್ಕೆ ತಿಂಗಳಿಗೆ ಇಷ್ಟು ಎಂದು ಕಳಿಸಲು ಶುರುಮಾಡಿದ್ದೇವೆ. ದೊಡ್ಡ ಮೊತ್ತವಲ್ಲ. ನಮ್ಮ ಕಂತು ಕಟ್ಟಿ ಉಳಿದದ್ದರಲ್ಲಿ ಎಷ್ಟು ಎಂದು ಅವನಿಗೆ ಗೊತ್ತು, ಈಗ ಪ್ರತಿ ತಿಂಗಳೂ ಎರಡೂ ಮನೆಯ ಲೆಕ್ಕ ಫೋನಿನಲ್ಲಿ ಮಾತಾಡುತ್ತೇವೆ.

ಫಾಲ್ಮತ್‌ನಲ್ಲಿ ದೋಣಿ ಹತ್ತಿದ ಕಸ್ಟಮ್ಸ್ ಅಧಿಕಾರಿಗಳು ನಿಯಮದಂತೆ ಎಲ್ಲಿಂದ ಬಂದಿರಿ ಎಂದು ಕೇಳಿದರಂತೆ. ಭೂಮಿಯನ್ನೇ ಸುತ್ತಿ ಬಂದವರು ಕೊಟ್ಟ ಉತ್ತರ ಒಂದೇ ಪದ: ಫಾಲ್ಮತ್. ನಾವು ಕೊನೆಯ ಸಲ ಊರಿಗೆ ಹೋಗಿ ಇಳಿದಾಗ, ಬಸ್‌ಸ್ಟ್ಯಾಂಡಿನ ಹೋಟೆಲಿನವರು ಯಾರಾದರೂ "ಎಲ್ಲಿಂದ ಬಂದ್ರಿ?" ಎಂದು ಕೇಳಿದರೆ, ಸೂಟ್‌ಕೇಸನ್ನು ಕೆಳಗಿಟ್ಟು "ಇಲ್ಲಿಯವರೇ" ಎನ್ನುವಷ್ಟು ಹಗುರವಾಗಿ ಹೋಗಬೇಕು ಎಂಬುದು ನಮ್ಮ ಆಸೆ.